ಕುದುರೆ ಮುಂದೆ ನಿಲ್ಲೋ ದಿನ

ಅಕ್ಕಾ,

ಹಾಲು ಕಾಯಿಸಿಟ್ಟಿದೀನಿ. ಮುಚ್ಚಳ ತೆಗೆದಿಡಬೇಡ, ಬೆಕ್ಕು ಹೊಂಚು ಹಾಕ್ತಾ ಕೂತಿದೆ.

ಕುದುರೆ ಮೈ ಉಜ್ಜೋ ನನ್ನ ಬ್ರಷ್‌ನಲ್ಲಿ ಬಚ್ಚಲು ತಿಕ್ಕಿದೀಯ. ಆ ಫಿನಾಯಿಲ್ ವಾಸನೆಗೆ ಕುದುರೆ ಓಡಿದ್ರೆ ಸಮುದ್ರ ಸಿಗೋವರೆಗೂ ನಿಲ್ಲಲ್ಲ. ಬ್ರಷ್ ಇನ್ನು ನೀನೇ ಇಟ್ಕೋ.

ಇವತ್ತು, ಕುದುರೆ ಒಡನಾಟದಿಂದ ಮಕ್ಕಳಿಗೆ ಕಲಿಸೋ ನನ್ನ ತರಬೇತಿಯ ಕೊನೇ ಪರೀಕ್ಷೆ. ಯಾರ ಹತ್ರಾನೂ ಮಾತಾಡದ ಒಂದು ಮಗೂನ ಕುದುರೆ ಹತ್ರ ಕರ್ಕೊಂಡು ಹೋಗಬೇಕು. ಕಲಿಸೋದು ಕುದುರೆ, ನಾನು ಪಕ್ಕದಲ್ಲಿ ತಣ್ಣಗೆ ನಿಂತಿರಬೇಕು, ಅಷ್ಟೆ. ಒಳಗೆ ಸಿಟ್ಟಿಟ್ಕೊಂಡು ನಿಂತ್ರೆ ಕುದುರೆಗೆ ಗೊತ್ತಾಗಿಬಿಡುತ್ತೆ, ಮುಖ ತಿರುಗಿಸಿ ಹೋಗುತ್ತೆ. ಹೋದ ಸಲ ಹಾಗೇ ಆಗಿ ಫೇಲಾದೆ.

ರಾತ್ರಿ ಭಾವನ ಮುಂದೆ ಅಂದ್ಯಲ್ಲ, "ಮೂರನೇ ಕ್ಲಾಸು ದಾಟದವನು ಮಕ್ಕಳಿಗೆ ಏನು ಕಲಿಸ್ತಾನೆ, ಲದ್ದಿ ಬಾಚೋದಾ?" ಅಂತ. ಭಾವ ನಕ್ಕಿದ್ದಕ್ಕೆ ಬೇಜಾರಿಲ್ಲ. ನೀನೂ ನಕ್ಕೆ. ಚಿಕ್ಕೋನಿದ್ದಾಗ ನಾನು ಹೇಳ್ತಿದ್ದ ಕಥೆನ ಊರೆಲ್ಲಾ ಬುರುಡೆ ಅಂದ್ರೂ ನೀನೊಬ್ಳೇ ಹೂಂಗುಟ್ತಿದ್ದೆ.

ಅದಕ್ಕೇ ಹೊರಡೋ ಮುಂಚೆ ಕೂತು ಇಷ್ಟುದ್ದ ಬರೆದೆ. ಸಿಟ್ಟೆಲ್ಲಾ ಈ ಚೀಟೀಲೇ ಇಟ್ಟು ಹೋಗ್ತಿದೀನಿ.

ಹರಿದು ಬಿಸಾಡಬೇಡ. ಸಂಜೆ ಬಂದು ವಾಪಸ್ ತಗೋತೀನಿ.