ಹಳ್ಳ ದಾಟುವ ಗಾಡಿ

ಮರ್ಫಿ ಟೌನ್, ಬೆಂಗಳೂರು
9 ನವೆಂಬರ್ 2025, ಭಾನುವಾರ

ಪ್ರೀತಿಯ ಅಪ್ಪಾ,

ನಿಮ್ಮ ಮಂಡಿ ನೋವು ಹೇಗಿದೆ? ಛತ್ರದ ಗೇಟಿನ ಹತ್ತಿರ ಕೂರುವುದಕ್ಕೆ ಕುರ್ಚಿ ಕೊಟ್ಟಿದ್ದಾರಾ, ಇಲ್ಲಾ ಈಗಲೂ ನಿಂತೇ ಇರಬೇಕಾ? ತಿರುವಣ್ಣಾಮಲೈ ಕಡೆ ಮಳೆ ಜೋರು ಎಂದು ಟಿವಿಯಲ್ಲಿ ತೋರಿಸಿದಾಗಲೆಲ್ಲ ಅಮ್ಮ ಒಲೆ ಹತ್ತಿರದಿಂದ ಎದ್ದು ಬಂದು ನೋಡುತ್ತಾಳೆ. ನೋಡಿ ವಾಪಸ್ ಹೋಗುತ್ತಾಳೆ. ಅವಳು ಈಗ ರಿಚರ್ಡ್ಸ್ ಟೌನಿನ ಸೀತಾಲಕ್ಷ್ಮಿ ಅಮ್ಮನವರ ಮನೆಯಲ್ಲಿ ಅಡುಗೆ ಮಾಡುತ್ತಾಳೆ. ಕೈ ಸುಟ್ಟುಕೊಂಡಿದ್ದಳು, ಈಗ ವಾಸಿಯಾಗಿದೆ. ನಾನು ಚೆನ್ನಾಗಿದ್ದೇನೆ. ಛತ್ರದ ಆಫೀಸಿಗೆ ಫೋನ್ ಮಾಡಿದರೆ ನೀವು ಹೂಂ ಅನ್ನುತ್ತೀರಿ, ನಾನೂ ಹೂಂ ಅನ್ನುತ್ತೇನೆ, ಅಷ್ಟರಲ್ಲಿ ಯಾರಿಗೋ ರೂಮು ಬೇಕೆಂದು ನಿಮ್ಮನ್ನು ಕರೆಯುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ. ಐದನೇ ಕ್ಲಾಸು ಬಿಟ್ಟ ಮೇಲೆ ಇಷ್ಟುದ್ದ ಬರೆದವನಲ್ಲ. ತಪ್ಪಿದ್ದರೆ ನೀವೇ ತಿದ್ದಿ ಓದಿಕೊಳ್ಳಿ.

ಗಾಡಿ ಸಿದ್ಧವಾಗಿದೆ ಅಪ್ಪಾ. ಶ್ರೀಹರಿ ಸಾರ್ ರಿಟೈರ್ ಆಗುವಾಗ, ಇಷ್ಟು ವರ್ಷ ಓಡಿಸಿದವರು ನೀವೇ, ನೀವೇ ಇಟ್ಟುಕೊಳ್ಳಿ ಎಂದು ನಿಮ್ಮ ಹೆಸರಿಗೆ ಬರೆದುಕೊಟ್ಟರಲ್ಲ, ನಮ್ಮ ಅದೇ ಏಳು ಸೀಟಿನ ಎಸ್‌ಯುವಿ. ನೀವು ಹೋದ ಮೇಲೆ ಎರಡೂವರೆ ವರ್ಷ ಅದು ಶಿವಾಜಿನಗರದಲ್ಲಿ ಜಿಯಾವುಲ್ಲಾ ಭಾಯ್ ರಿಪೇರಿ ಶೆಡ್ಡಿನ ಹಿಂದೆ ಟಾರ್ಪಾಲಿನ ಕೆಳಗೆ ನಿಂತಿತ್ತು. ಹಿಂದಿನ ಸೀಟಿನಲ್ಲಿ ಬೆಕ್ಕು ಎರಡು ಸಲ ಮರಿ ಹಾಕಿತು. ಗುಜರಿಯವರು ಕೇಳಿದಾಗಲೆಲ್ಲ ಭಾಯ್ ನನ್ನ ಮುಖ ನೋಡುತ್ತಿದ್ದರು, ನಾನು ಟಾರ್ಪಾಲನ್ನು ಇನ್ನೊಂದು ಸಲ ಬಿಗಿಯುತ್ತಿದ್ದೆ. ಈ ಯುಗಾದಿ ಆದ ಮೇಲೆ ಒಂದು ದಿನ ನಾನಾಗಿಯೇ ಎಂಜಿನ್ ಬಿಚ್ಚಿದೆ. ಒಳಗೆ ಒಂದು ರಾಡು ಬಗ್ಗಿ ಬಿಲ್ಲಿನ ಹಾಗಾಗಿತ್ತು. ಎಂಜಿನ್ನು ಗಾಳಿಯ ಬದಲು ನೀರು ಎಳೆದುಕೊಂಡರೆ ಹಾಗೇ ಆಗುವುದು. ಅದನ್ನು ಕೈಯಲ್ಲಿ ಹಿಡಿದು ನಿಂತಿದ್ದಾಗ ಭಾಯ್ ಬಂದು ನೋಡಿದರು. "ನೋಡು ಮುತ್ತು, ಮನುಷ್ಯ ಮೂಗಿನ ಮೇಲೆ ನೀರು ಬಂದ್ರೆ ಸಾಯ್ತಾನೆ. ಗಾಡೀನೂ ಅಷ್ಟೇ ರೇ. ನಿಮ್ಮಪ್ಪ ಏನು ಮಾಡ್ತಾನೆ ಅದಕ್ಕೆ?" ಅಂದರು. ಈ ಮಾತನ್ನು ನಿಮಗೆ ಮುಟ್ಟಿಸಬೇಕು ಅಂತ ಅವತ್ತೇ ಅಂದುಕೊಂಡೆ. ಏಳು ತಿಂಗಳಾಯಿತು.

ಆ ಮಧ್ಯಾಹ್ನದ ಬಗ್ಗೆ ನಾವಿಬ್ಬರೂ ಒಂದು ಸಲವೂ ಮಾತಾಡಿಲ್ಲ. ನಾನು ನಿಮ್ಮ ಪಕ್ಕದ ಸೀಟಿನಲ್ಲೇ ಇದ್ದೆ. ಜಾಲದೊಡ್ಡಿಯವರು ಅಮ್ಮನನ್ನು ಹೆತ್ತ ಜಟ್ಟೆಮ್ಮಜ್ಜಿಯನ್ನು ಆಸ್ಪತ್ರೆಗೆಂದು ಮಂಚದ ಸಮೇತ ಹೊತ್ತು ಹಳ್ಳದ ಆ ದಡಕ್ಕೆ ತಂದು ಇಳಿಸಿದ್ದರು. ಅಜ್ಜಿಯ ಹಸಿರು ಸೀರೆ ಈ ದಡಕ್ಕೂ ಕಾಣುತ್ತಿತ್ತು. ನೀವು ಒಂದು ಸಲ ನನ್ನ ಕಡೆ ನೋಡಿ ಗೇರು ಹಾಕಿದಿರಿ. ನಡುನೀರಿಗೆ ಹೋದಾಗ ಎಂಜಿನ್ನು ಒಂದು ಸಲ ಕೆಮ್ಮಿ ನಿಂತುಹೋಯಿತು. ಟ್ರ್ಯಾಕ್ಟರ್ ಬಂದು ನಮ್ಮನ್ನು ಎಳೆಯುವ ಹೊತ್ತಿಗೆ ಆ ದಡದಲ್ಲಿ ಅಳು ಶುರುವಾಗಿತ್ತು. ತಿಥಿ ಮುಗಿಸಿ ಬಂದು ನೀವು ಗಾಡಿಯ ಕೀಲಿಯನ್ನು ಅಜ್ಜಿಯ ಫೋಟೋ ಮುಂದೆ ಇಟ್ಟಿರಿ. ಮಾರನೇ ದಿನ ಬೆಳಿಗ್ಗೆ ನೀವು ಇರಲಿಲ್ಲ. ಬೇಸಿಗೆಯಲ್ಲಿ ಆ ಹಳ್ಳದಲ್ಲಿ ಮಂಡಿಯುದ್ದವೂ ನೀರಿರುವುದಿಲ್ಲ. ಅಮ್ಮ ನಡೆದೇ ಹೋಗಿ ಸಮಾಧಿಗೆ ಎಡೆ ಇಟ್ಟು ಬಂದಳು. ನಾನು ಹೋಗಲಿಲ್ಲ. ನೀರಿರುವಾಗಲೇ, ಆ ಗಾಡಿಯಲ್ಲೇ ದಾಟಬೇಕು ಎಂದು ಹಟ ಬಂದಿತ್ತು. ಯಾರಿಗೂ ಹೇಳಿರಲಿಲ್ಲ.

ಅದಕ್ಕೇ ಗಾಡಿಯನ್ನು ಕೆಟ್ಟ ದಾರಿಗೆ ಒಗ್ಗುವ ಹಾಗೆ ಮಾಡಿದೆ. ಹಗಲು ಬೇರೆಯವರ ಗಾಡಿ, ಸಂಜೆ ಆರರಿಂದ ಎಂಟರವರೆಗೆ ನಮ್ಮದು. ಸ್ಪ್ರಿಂಗ್ ಬದಲಾಯಿಸಿ ಮೂರು ಇಂಚು ಎತ್ತರಿಸಿದೆ. ದಪ್ಪ ಹಲ್ಲಿನ ಟೈರು ಹಾಕಿದೆ. ಹೊಟ್ಟೆಗೆ ಕಲ್ಲು ತಾಗದಿರಲಿ ಎಂದು ಕೆಳಗೆ ಕಬ್ಬಿಣದ ತಗಡು ಕಟ್ಟಿದೆ, ಹಿಂದೆ ಮುಂದೆ ಎಳೆಯುವ ಕೊಕ್ಕೆ ಬೆಸೆದೆ. ಆಮೇಲೆ ಮುಖ್ಯವಾದದ್ದು. ಎಂಜಿನ್ನಿಗೆ ಗಾಳಿ ಹೋಗುವ ಬಾಯಿ ಮುಂಚೆ ಲೈಟಿನ ಹಿಂದೆ ತಗ್ಗಿನಲ್ಲಿತ್ತು. ಅದಕ್ಕೆ ಪೈಪು ಜೋಡಿಸಿ, ಗಾಜಿನ ಪಕ್ಕದಲ್ಲಿ ಹತ್ತಿಸಿ, ಟಾಪಿನವರೆಗೆ ತಂದು ಬಿಟ್ಟೆ. ಇನ್ನು ನೀರು ಬಾನೆಟ್ಟು ಮುಚ್ಚಿದರೂ ಉಸಿರು ಮೇಲಿಂದ ಬರುತ್ತದೆ. ಗಾಡಿಗೆ ಗಣಪತಿ ಸೊಂಡಿಲು ಬಂತು ಎಂದು ಭಾಯ್ ನಕ್ಕರು. ಅಮ್ಮನನ್ನು ಕರೆದುಕೊಂಡು ಹೋಗಿ ತೋರಿಸಿದೆ. ಅವಳು ಕಾಲೆತ್ತಿದಳು, ಎಟುಕಲಿಲ್ಲ. ಮತ್ತೆ ಎತ್ತಿದಳು. "ಗಾಡಿ ಹಳ್ಳ ದಾಟುತ್ತೆ ಸರಿ, ನಾನು ಗಾಡಿ ಹತ್ತೋದು ಹೆಂಗೋ?" ಅಂದಳು. ನನಗೆ ನಗು ಬರಲಿಲ್ಲ. ಅಷ್ಟು ತಿಂಗಳು ಅಳತೆ ಹಿಡಿದವನು ಅಮ್ಮನ ಕಾಲಿನ ಅಳತೆಯೊಂದನ್ನು ಹಿಡಿದಿರಲಿಲ್ಲ. ಮಾರನೇ ದಿನ ಕಬ್ಬಿಣದ ಮೆಟ್ಟಿಲು ಬೆಸೆದುಕೊಟ್ಟೆ.

ಕಳೆದ ತಿಂಗಳು ಜೋರು ಮಳೆಯಾದ ದಿನ ಒಂದು ಗೇರ್‌ಬಾಕ್ಸ್ ಕೊಟ್ಟು ಬರುವುದಕ್ಕೆ ನಮ್ಮ ಗಾಡಿಯಲ್ಲೇ ಗರುಡಾಚಾರ್‌ಪಾಳ್ಯಕ್ಕೆ ಹೋಗಿದ್ದೆ. ಅಲ್ಲಿ ತಗ್ಗಿನ ರಸ್ತೆಯಲ್ಲಿ ಸೊಂಟದವರೆಗೆ ನೀರು. ಆಫೀಸಿನವರ ಕಾರುಗಳು ಲೈಟು ಮಿಣುಕಿಸಿಕೊಂಡು ಸಾಲಾಗಿ ನಿಂತಿದ್ದವು. ನಾನು ನಿಲ್ಲಿಸಲಿಲ್ಲ. ನೀವು ಹಾಕಿದ ಹಾಗೆಯೇ ಗೇರು ಹಾಕಿದೆ. ನೀರು ಬಾಗಿಲಿಗೆ ಬಂತು, ಬಾನೆಟ್ಟಿಗೆ ಹೊಡೆಯಿತು. ಎಂಜಿನ್ನು ಕೆಮ್ಮಲಿಲ್ಲ. ಆಚೆ ಬಂದುಬಿಟ್ಟೆ. ವಾಪಸ್ ಹೋಗಿ ಒಂದು ಕಾರನ್ನು ಎಳೆದು ತಂದೆ, ಅದರಲ್ಲಿದ್ದವರು ಧಾರವಾಡದ ಕಡೆಯವರು. "ಭಾರಿ ಗಾಡಿ ಮಾಡೀರಿ ಅಣ್ಣಾರ. ಎಲ್ಲಿಗೆ ಹೊಂಟೀರಿ, ಲಡಾಖಕ್ಕೇನು?" ಎಂದು ಕೇಳಿದರು. ಒಂದು ಹಳ್ಳ ದಾಟಬೇಕಿತ್ತು ಅಂದೆ. ಅವರು ನಕ್ಕರು. ಅವರು ಹೋದ ಮೇಲೆ ರಸ್ತೆ ಪಕ್ಕ ಗಾಡಿ ನಿಲ್ಲಿಸಿದೆ. ಖುಷಿ ಆಗುತ್ತದೆ ಅಂದುಕೊಂಡಿದ್ದೆ. ಇಷ್ಟೇ ಬೇಕಿತ್ತಾ ಅನ್ನಿಸಿತು ಅಪ್ಪಾ. ನಾಲ್ಕಡಿ ಪೈಪು. ನಮ್ಮ ಶೆಡ್ಡಿನ ಮೂಲೆಯಲ್ಲಿ ಅಂಥ ಪೈಪು ಆಗಲೂ ಬಿದ್ದಿತ್ತು. ಮೆಕ್ಯಾನಿಕ್ ಮಗ ಮನೆಯಲ್ಲಿದ್ದು, ಗಾಡಿಗೆ ಮೂಗು ಎಲ್ಲಿದೆ ಎಂದು ಅವತ್ತು ನಿಮಗೆ ಹೇಳಬೇಕಾದವನು ನಾನು. ನೀವಲ್ಲ.

ಮಳೆಗಾಲದ ನೀರು ಇನ್ನೂ ಹಳ್ಳದಲ್ಲಿದೆಯಂತೆ, ತಿಂಗಳ ಕೊನೆಯವರೆಗೆ ಇರುತ್ತದೆ ಎಂದು ಜಾಲದೊಡ್ಡಿಯಿಂದ ಅಪ್ಪಣ್ಣ ಮಾವ ಹೇಳಿ ಕಳಿಸಿದ್ದಾರೆ. ಒಂದು ಸಲ ಬನ್ನಿ ಅಪ್ಪಾ. ಸ್ಟೇರಿಂಗ್ ನೀವು ಹಿಡಿಯಬೇಕು. ದಾಟಿ, ಅಜ್ಜಿಗೆ ಎಡೆ ಇಟ್ಟು, ಆಮೇಲೆ ನೀವು ಛತ್ರಕ್ಕೇ ವಾಪಸ್ ಹೋಗುತ್ತೇನೆ ಅಂದರೆ ಹೋಗಿ, ನಾನು ಹಿಡಿಯುವುದಿಲ್ಲ. ಹೀಗೆ ಬರೆಯುತ್ತೇನೆ ಅಂದಾಗ ಅಮ್ಮ ಈರುಳ್ಳಿ ಹೆಚ್ಚುವುದನ್ನು ನಿಲ್ಲಿಸಿದಳು. "ಗಾಡಿ ನೆಪ ಮಾಡಿ ಕರೀಬೇಡ. ಬರೋದಾದ್ರೆ ಮನೆಗೆ ಅಂತ ಬರಲಿ" ಅಂದಳು. ಮತ್ತೆ ಹೆಚ್ಚಿದಳು. ನಿಮ್ಮ ತಟ್ಟೆ ಈಗಲೂ ಮೇಲಿನ ಹಲಗೆಯಲ್ಲೇ ಇದೆ. ಸೋಮವಾರ ಸೋಮವಾರ ತೊಳೆದಿಡುತ್ತಾಳೆ.

ಕೆ.ಆರ್. ಪುರದ ಆರ್‌ಟಿಓ ಆಫೀಸಿಗೂ ಹೋಗಿ ಬಂದೆ. ಗಾಡಿಗೆ ಈ ತಿಂಗಳು ಹದಿನೈದು ವರ್ಷ ತುಂಬುತ್ತದೆ, ಮತ್ತೆ ರಿಜಿಸ್ಟ್ರೇಷನ್ ಮಾಡಿಸಬೇಕು. ಆ ಕೆಲಸ ಒಂದು ಕಡೆ ಸಿಕ್ಕಿಹಾಕಿಕೊಂಡಿದೆ. ಅದನ್ನು ಬರೆಯಲು ಕೈ ಬರುತ್ತಿಲ್ಲ, ಬಂದರೆ ಕೆಳಗೆ ಬರೆಯುತ್ತೇನೆ. ಚಳಿ ಶುರುವಾಗುತ್ತದೆ, ಮಂಡಿಗೆ ಬಟ್ಟೆ ಸುತ್ತಿಕೊಳ್ಳಿ. ಜಿಯಾವುಲ್ಲಾ ಭಾಯ್ ಸಲಾಂ ಹೇಳಿದ್ದಾರೆ, ಅವರ ಮನೆಯೊಳಗಿಂದ ನೂರುನ್ನೀಸಾ ಆಪಾ ಕೂಡ. ಅಮ್ಮ ಏನು ಬರೆಯಲಿ ಎಂದು ಕೇಳಿದರೆ, ಊಟ ಮಾಡಿ ಅಂತ ಬರಿ ಅಂದಳು.

ನಿಮ್ಮ ಪಾದ ಮುಟ್ಟಿ,
ನಿಮ್ಮ ಮಗ
ಮುತ್ತುರಾಜ

ಕವರು ಅಂಟಿಸುವ ಮುಂಚೆ ಬರೆದದ್ದು: ಅಪ್ಪಾ, ಗಾಡಿಯ ನಂಬರು ಅಳಿಸಿಹಾಕಿದ್ದೇನೆ. ಬೋರ್ಡಿನ ನಂಬರಲ್ಲ, ಬಲಗಡೆ ಮುಂದಿನ ಚಕ್ರದ ಹತ್ತಿರ ಚಾಸಿಯ ಕಬ್ಬಿಣದ ಮೇಲೆ ಕೆತ್ತಿರುತ್ತದಲ್ಲ, ಅದು. ಅಲ್ಲೆಲ್ಲ ಆ ಹಳ್ಳದ ಕೆಂಪು ಮಣ್ಣು ತುಕ್ಕಿನ ಜೊತೆ ಗಟ್ಟಿಯಾಗಿ ಕೂತಿತ್ತು. ಅದರ ಒಂದು ಚೂರೂ ಉಳಿಯಬಾರದು ಎಂದು ಗ್ರೈಂಡರ್ ಹಿಡಿದೆ, ಬೆಳ್ಳಿಯ ಹಾಗೆ ಹೊಳೆಯುವವರೆಗೆ ಉಜ್ಜಿದೆ. ನಂಬರು ಮಣ್ಣಿನ ಜೊತೆಗೇ ಹೋಯಿತು. ಗ್ರೈಂಡರ್ ಹಿಡಿಯುವ ಮುಂಚೆ ನಂಬರಿಗೆ ಗ್ರೀಸ್ ಬಳಿದು ಟೇಪು ಸುತ್ತು ಅನ್ನುವುದು ನಮ್ಮ ಶೆಡ್ಡಿನಲ್ಲಿ ಮೊದಲ ದಿನದ ಪಾಠ. ಬೇರೆಯವರ ಗಾಡಿಗೆ ಒಂದು ಸಲವೂ ಮರೆತವನಲ್ಲ. ಬೇಕೆಂದೇ ಮಾಡಿದೆಯಾ ಎಂದು ಭಾಯ್ ಕೇಳಿದರು. ಇಲ್ಲ ಅಪ್ಪಾ, ನಿಮ್ಮಾಣೆ ಇಲ್ಲ. ಆರ್‌ಟಿಓದವರು ಅದರ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ನೋಡಿದರು, ಏನೂ ಮೂಡಲಿಲ್ಲ. ನಂಬರಿಲ್ಲದ ಗಾಡಿ ಕದ್ದ ಗಾಡಿಯ ಲೆಕ್ಕ ಅಂದರು. ಪೈಪು, ಟೈರು ಎಲ್ಲ ತೆಗೆದು ಮೊದಲಿದ್ದ ಹಾಗೆ ಮಾಡಿ ತರಬೇಕಂತೆ, ಮಾಲೀಕರು ತಾವೇ ಬಂದು ಬರೆದುಕೊಟ್ಟರೆ ಹೊಸದಾಗಿ ಕೆತ್ತಿಸಲು ಒಪ್ಪಿಗೆ ಕೊಡುತ್ತಾರಂತೆ. ಮಾಲೀಕರು ಎಲ್ಲಿ ಎಂದು ಕೇಳಿದರು. ನಾನು ಕಾಗದ ಮಡಚತೊಡಗಿದೆ. "ತೀರ್ಕೊಂಡಿದ್ರೆ ಹೇಳಪ್ಪ, ಅದಕ್ಕೆ ಬೇರೆ ಫಾರಂ ಇದೆ. ಬದುಕಿದ್ರೆ ಅವರೇ ಬರ್ಬೇಕು" ಅಂದರು. ಬದುಕಿದ್ದಾರೆ ಎಂದು ನಾನು ಎಷ್ಟು ಜೋರಾಗಿ ಹೇಳಿದೆನೆಂದರೆ ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಇಪ್ಪತ್ತೆಂಟನೇ ತಾರೀಖು ಕೊನೆ. ನೀವು ಬರದಿದ್ದರೆ ಗಾಡಿ ಗುಜರಿಗೆ ಹೋಗುತ್ತದೆ. ಬೇರೆಯವರ ಕೈಯಲ್ಲಿ ಕಟ್ ಮಾಡಿಸುತ್ತೇನೆ ಎಂದು ಭಾಯ್ ಅಂದರು. ಬೇಡ, ನಾನೇ ಮಾಡುತ್ತೇನೆ ಅಂದಿದ್ದೇನೆ. ಅಮ್ಮನಿಗೆ ಇದು ಯಾವುದೂ ಗೊತ್ತಿಲ್ಲ. ಅವಳು ನೆಪ ಅನ್ನುತ್ತಾಳೆ. ಇನ್ನೊಂದು, ಮೆಟ್ಟಿಲು ಎಡಗಡೆ ಅಮ್ಮನಿಗೆ ಒಂದೇ ಸಾಕಿತ್ತು. ಡ್ರೈವರ್ ಕಡೆ ಹತ್ತುವವನು ನಾನೊಬ್ಬನೇ, ನನಗೆ ಬೇಕಿರಲಿಲ್ಲ. ಆದರೂ ಬಲಗಡೆಯೂ ಒಂದು ಬೆಸೆದಿದ್ದೇನೆ, ಅದಕ್ಕಿಂತ ಎರಡಿಂಚು ತಗ್ಗಾಗಿ. ನಿಮ್ಮ ಮಂಡಿ ಅಷ್ಟಾದರೂ ಏಳುತ್ತದಲ್ಲ?