ಜಮಾಲ್ ಸಾಬರ ಪಾಸ್‌ವರ್ಡ್

ಜುಲೈ 1, ಮಂಗಳವಾರ

ಇವತ್ತೂ ಲಾಗಿನ್ ಆಗಲಿಲ್ಲ. ಮೂರು ಸಲ ಹೊರಗೆ ಹಾಕಿತು. ಹಿಂದೆ ಮಂಡಕ್ಕಿ ಭಟ್ಟಿಯ ಬೆಂಕಿ, ಮುಂದೆ ಫೋನ್... ಬೆರಳಿಗೆ ಉಪ್ಪು ಅಂಟಿರುತ್ತದೆ, ಸ್ಕ್ರೀನ್ ಒತ್ತಿದರೆ ಇನ್ನೆಲ್ಲೋ ಹೋಗುತ್ತದೆ.

ಹರಿಹರದ ಪ್ಯಾಕಿಂಗ್ ಯೂನಿಟ್‌ನ ಸುಮಾ ಮೇಡಂ ವಾಟ್ಸಾಪ್ ಗ್ರೂಪ್ ಬಂದ್ ಮಾಡಿದ್ದಾರೆ. ಅಲ್ಲಿ ಒಬ್ಬರ ರೇಟು ಎಲ್ಲರಿಗೂ ಕಾಣುತ್ತಿತ್ತು. ದಿನಾ ಜಗಳ. ಇನ್ನು ಮೇಲೆ ವೆಬ್‌ಸೈಟ್. ಒಂದೊಂದು ಭಟ್ಟಿಗೂ ಬೇರೆ ಲಾಗಿನ್. ಬೆಳಿಗ್ಗೆ ಸ್ಟಾಕು, ರೇಟು ಹಾಕಬೇಕು. ಮಾಲೀಕರ ಫೋನಿಗೆ ಓಟಿಪಿ — ಅಂದರೆ ಜಮಾಲ್ ಚಾಚಾನ ಫೋನಿಗೆ.

ಹರಿಹರದ ಆರ್ಡರ್ ತಪ್ಪಿದರೆ ನಮ್ಮ ಭಟ್ಟಿ ದಿನಾ ಉರಿಯುವುದಿಲ್ಲ. ನಾನೇ ಬಾಯಿ ಬಿಟ್ಟಿದ್ದೆ, "ನಾನ್ ಮಾಡ್ತೀನಿ ಚಾಚಾ, ಟೆನ್ತ್ ಓದೀನಿ" ಅಂತ. ಆಗದಿದ್ದರೆ ಮತ್ತೆ ಬಿಸಿ ಮರಳಿನ ಮುಂದೆಯೇ ನಿಲ್ಲಬೇಕು.

ಜುಲೈ 4, ಶುಕ್ರವಾರ

ಆಯಿತು! ರೇಟು ಹೋಯಿತು. ಹರಿಹರದಿಂದ ಗಾಡಿ ಬಂತು. ಚಾಚಾ ಟೀ ಕುಡಿಸಿದರು.

ಜುಲೈ 10, ಗುರುವಾರ

ನಾನು ಹಾಕಿದ್ದು ಇಪ್ಪತ್ತು ಚೀಲ. ಹರಿಹರದಲ್ಲಿ ಕಂಡಿದ್ದು ಅರವತ್ತು! ದೊಡ್ಡ ಗಾಡಿ ಬಂದು ಅರ್ಧಕ್ಕಿಂತ ಹೆಚ್ಚು ಖಾಲಿ ಹೋಯಿತು. ಸುಮಾ ಮೇಡಂ ಫೋನಿನಲ್ಲಿ ಬೈದರು. "ನಿಮ್ ಲಾಗಿನ್ ಬಂದ್ ಮಾಡೀನಿ. ಯಾರೋ ಒಳಗ್ ಬಂದಾರೆ. ಯಾರು ಅಂತ ತಿಳ್ಕೊಂಡು ಹೇಳ್ರಿ."

ಹ್ಯಾಕ್ ಆಗಿದೆ ಅಂದುಕೊಂಡೆ. ಚಾಚಾನ ಹತ್ತಿರ ಓಡಿದೆ.

"ಪಾಸ್‌ವರ್ಡ್ ಯಾರಿಗಾದ್ರೂ ಕೊಟ್ಟೀರಾ?"

"ಹೂಂ. ಪಕ್ಕದ್ ಭಟ್ಟಿ ಉಚ್ಚಂಗೆಪ್ಪ ಕೇಳ್ದ, ಕೊಟ್ಟೆ."

"ಓಟಿಪಿ?"

"ಗೋಡೆ ಆಚೆಯಿಂದ ಕೂಗ್ತಾನೆ, ಓದಿ ಹೇಳ್ತೀನಿ."

"ಯಾಕ ಚಾಚಾ!"

"ಜರಡಿ ಕೇಳಿದ್ರೆ ಕೊಡಲ್ಲೇನು? ಒಲೆಗೆ ಹೊಟ್ಟು ಬೇಕಂದ್ರೆ ಅವ ಕೊಡಲ್ಲೇನು? ಇದೊಂದಕ್ಕೆ ಹೆಂಗ್ ಇಲ್ಲ ಅನ್ಲೋ ನೌಮಾನ್ ಬೇಟಾ?"

ಉಚ್ಚಂಗೆಪ್ಪಣ್ಣ ಏನೂ ಕದ್ದಿಲ್ಲ. ಇನ್ನೂ ಲಾಗಿನ್ ಮಾಡಿಸಿಲ್ಲ, ತನ್ನ ನಲವತ್ತು ಚೀಲವನ್ನು ನಮ್ಮ ಹೆಸರಲ್ಲೇ ಹಾಕಿದ್ದಾನೆ, ಅಷ್ಟೇ. ಆ ಚೀಲಗಳು ಗೋಡೆ ಆಚೆಯೇ ಇದ್ದವು, ಗಾಡಿಯವನಿಗೆ ಗೊತ್ತಾಗಲಿಲ್ಲ. ಹ್ಯಾಕರ್ ಆಗಿದ್ದರೆ ಬೈಯಬಹುದಿತ್ತು.

ಜುಲೈ 11, ಶುಕ್ರವಾರ

ಭಟ್ಟಿ ಹಚ್ಚಲಿಲ್ಲ. ಭತ್ತದ ರೇಟು ನೋಡಲು ಚಾಚಾನ ಜೊತೆ ಮಂಡಿಪೇಟೆಗೆ ಹೋದೆ. ವ್ಯಾಪಾರಿ ಜಂಬಯ್ಯನವರು, ಚಾಚಾ — ಇಬ್ಬರೂ ಕೈ ಕೊಟ್ಟು ಮೇಲೆ ಟವೆಲ್ ಹಾಕಿಕೊಂಡರು. ಒಳಗೆ ಬೆರಳು ಹಿಡಿದು ರೇಟು. ಸುತ್ತ ಅಷ್ಟು ಜನ ನಿಂತಿದ್ದರೂ ಯಾರಿಗೂ ತಿಳಿಯಲಿಲ್ಲ. ನನಗೂ.

ಬರುವಾಗ ಬೈಕಿನ ಮೇಲೆ ಕೇಳಿದೆ. "ಆ ಟವೆಲ್ ಯಾಕ?"

"ಮಂದಿ ನೋಡ್ಬಾರ್ದಲ್ಲ."

"ಪಾಸ್‌ವರ್ಡೂ ಅದೇ ಚಾಚಾ. ಟವೆಲ್."

"ಟವೆಲ್ ಕೇಳಿದ್ರೂ ಕೊಡ್ತೀನಲ್ಲೋ."

"ಟವೆಲ್ ಕೊಡ್ರಿ. ಒಳಗಿನ ಕೈ ಕೊಡಬ್ಯಾಡ್ರಿ!"

ಜೋರಾಗಿಯೇ ಅಂದುಬಿಟ್ಟೆ.

ಜುಲೈ 14, ಸೋಮವಾರ

ಹರಿಹರಕ್ಕೆ ಹೋಗಿ ಸುಮಾ ಮೇಡಂಗೆ ಇದ್ದದ್ದು ಇದ್ದ ಹಾಗೆ ಹೇಳಿದೆ. ನಕ್ಕರು. ಆಮೇಲೆ ನಗಲಿಲ್ಲ.

"ನಾಳೆ ನಿಮ್ ಲಾಗಿನ್ ಮತ್ತೆ ಚಾಲೂ ಮಾಡ್ತೀನಿ. ಮತ್ತೆ ಹಿಂಗಾದ್ರೆ ನಿಮ್ ಭಟ್ಟಿ ಮಾಲು ಬ್ಯಾಡ."

ಉಚ್ಚಂಗೆಪ್ಪಣ್ಣನಿಗೆ ಬೇರೆ ಲಾಗಿನ್ ಮಾಡಿಸಿದೆ. ಅವನ ಓಟಿಪಿ ಅವನ ಫೋನಿಗೆ.

ಜುಲೈ 15, ಮಂಗಳವಾರ, ಬೆಳಿಗ್ಗೆ

ಓಟಿಪಿ ಬಂತು. ಭಟ್ಟಿಯ ತುಂಬ ಜನ. ಬಾಗಿಲಲ್ಲಿ ಉಚ್ಚಂಗೆಪ್ಪಣ್ಣ. ಫೋನ್ ಕೊಡ್ರಿ ಅಂದೆ. ಚಾಚಾ ಕೊಡಲಿಲ್ಲ. ಹೆಗಲ ಮೇಲಿನ ಟವೆಲ್ ತೆಗೆದು ನನ್ನ ಕೈ ಮೇಲೆ ಹಾಕಿದರು. ಒಳಗೆ ಬೆರಳು ಹಿಡಿದರು. ನಾಲ್ಕು. ಒಂದು. ಆಮೇಲೆ ಬರೀ ಮುಷ್ಟಿ.

"ಇದೇನು?"

"ಸೊನ್ನೆ ಕಣೋ. ಕೂಗಬ್ಯಾಡ."

ಅಷ್ಟರಲ್ಲಿ ಟೈಮ್ ಮುಗಿಯಿತು! ತಲೆ ಚಚ್ಚಿಕೊಳ್ಳಬೇಕು ಅನ್ನಿಸಿತು. ಇನ್ನೊಂದು ಓಟಿಪಿ ತರಿಸಿದೆ. ಮತ್ತೆ ಟವೆಲ್. ಈ ಸಲ ಚಾಚಾ ಬೇಗ ಬೇಗ ಹಿಡಿದರು. ಹೋಯಿತು. ಇಪ್ಪತ್ತು ಚೀಲ. ಇಪ್ಪತ್ತೇ.

ಹರಿಹರದಿಂದ ಗಾಡಿ ಹೊರಟಿದೆಯಂತೆ. ಎಲ್ಲರೂ ಚೀಲದ ಬಾಯಿ ಹೊಲಿಯುತ್ತಿದ್ದಾರೆ. ಗೋಡೆಯ ಆಚೆಯಿಂದ ಉಚ್ಚಂಗೆಪ್ಪಣ್ಣನ ದನಿ —

"ಏ ನೌಮಾನಾ, ನಂಗೂ ಬಂತು ನೋಡೋ ನಂಬರ್! ಬರ್ಕೊ... ಏಳು, ಎರಡು..."

ಅಯ್ಯೋ ಅಣ್ಣಾ, ಕೂಗಬ್ಯಾ—