ಹಸಿರಾದ ಬಾವಿಗಳು

ಅಕ್ಕಾ,

ಕೆಟ್ಟ ನೀರಿನ ಬಾವಿಗಳಿಗೆಲ್ಲ ನಾನು ನಮ್ಮ ಕಚೇರಿಯ ನಕ್ಷೆಯಲ್ಲಿ ಕೆಂಪು ಚುಕ್ಕೆ ಇಟ್ಟಿದ್ದೆ. "ಚೆನ್ನಾಗಿದೆ ಕಣೇ, ನೋಡಿದ ಕೂಡಲೇ ತಿಳಿಯುತ್ತೆ" ಅಂತ ಮುಖ್ಯಸ್ಥೆಯಾಗಿ ಒಪ್ಪಿದವಳು ನೀನೇ. ನಾನು ರಜೆಯಲ್ಲಿದ್ದಾಗ, ಜನ ಗಾಬರಿಯಾಗುತ್ತಾರೆ ಅಂತ ಮೇಲಿನವರು ಹೇಳಿದ್ದಕ್ಕೆ ನೀನು ಎಲ್ಲವನ್ನೂ ಹಸಿರು ಮಾಡಿಸಿದೆ. ಕೆಳಗೆ ಸಣ್ಣಕ್ಷರದಲ್ಲಿ 'ಪರೀಕ್ಷಿಸಿದ ಬಾವಿ' ಅಂತ ಬರೆಸಿದೆ. ನನಗೊಂದು ಫೋನೂ ಮಾಡಲಿಲ್ಲ.

ಚಿಕ್ಕಮ್ಮ ಮೊಬೈಲಿನಲ್ಲಿ ಆ ಹಸಿರು ನೋಡಿಯೇ ಹಿತ್ತಲ ಬಾವಿಯ ನೀರು ಕುಡಿದಳಂತೆ. "ನೀವಿಬ್ಬರೂ ಸೇರಿ ಮಾಡಿದ್ದಲ್ವೇನೇ, ತಪ್ಪು ಹೇಗಾಗುತ್ತೆ?" ಅಂತ ಆಸ್ಪತ್ರೆಯಲ್ಲಿ ಮಲಗಿಕೊಂಡು ನನ್ನನ್ನು ಕೇಳುತ್ತಾಳೆ. ಬದಲಿಸಿದ್ದು ನೀನು ಅಂತ ಹೇಳೋಕೆ ಬಾಯೇ ಬರಲಿಲ್ಲ.

ಇವತ್ತೇ ಕೆಂಪು ವಾಪಸ್ ಹಾಕಿಸು. ಚಿಕ್ಕಮ್ಮನನ್ನು ನೋಡಲು ಬಾ, ಕಣ್ಣು ಬಿಟ್ಟಾಗಲೆಲ್ಲ ನಿನ್ನನ್ನೇ ಕೇಳುತ್ತಾಳೆ. ನಾನಿಲ್ಲದ ಹೊತ್ತು ನೋಡಿಕೊಂಡು ಬಾ.

ಇತಿ,
ನಿನ್ನ ತಂಗಿ